ಅಕ್ಕನ ದನಿಗೆ ದಪ್ಪ ತಂತಿ

ನನ್ನ ವಯಸ್ಸಿನ ನಾಲ್ಕು ಜನ ಮುಂಬಯಿಯ ಗೋರೆಗಾಂವ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತರೆ ಮಾತು ಸಕ್ಕರೆ ಕಾಯಿಲೆಯಿಂದ ಶುರುವಾಗಿ, ರಕ್ತದೊತ್ತಡವನ್ನು ಹಾದು, ಮಂಡಿಯ ಮೇಲೆ ಬಂದು ನಿಲ್ಲುತ್ತದೆ. ಕೆಲವು ಕಾಲದಿಂದ ಈ ಸಭೆಗೆ ನಾನು ಅನರ್ಹನಾಗಿದ್ದೇನೆ. ಅಲ್ಲಿ ಕೂತಾಗಲೂ ನನ್ನ ತಲೆಯಲ್ಲಿರುವುದು ಗಿಟಾರಿನ ಆರನೆಯ ತಂತಿ. ಅದು ಎಷ್ಟು ದಪ್ಪವಿದ್ದರೆ, ಎಷ್ಟು ಸಡಿಲಿಸಿದರೂ ಮರ್ಯಾದೆ ಬಿಡದೆ ನುಡಿದೀತು ಎಂಬ ಪ್ರಶ್ನೆಗೆ ನಾನು ಕೊಟ್ಟಷ್ಟು ಗಾಂಭೀರ್ಯವನ್ನು ನೌಕರಿಯಲ್ಲಿದ್ದಾಗ ಯಾವ ಫೈಲಿಗೂ ಕೊಟ್ಟವನಲ್ಲ. ಇದಕ್ಕೆ ಸಂಗೀತದ ಮೇಲಿನ ಭಕ್ತಿ ಕಾರಣ ಎಂದು ಯಾರೂ ತಪ್ಪು ತಿಳಿಯಬಾರದು. ಕಾರಣ ನನ್ನ ಅಕ್ಕ.

ನಮ್ಮದೊಂದು ಭಜನಾ ಮಂಡಳಿ ಇದೆ. ವಿಜಾಪುರದ ಕಡೆಯಿಂದ ಬಂದು ಗಿರಣಿ ಸೇರಿದ ನಮ್ಮ ಅಪ್ಪ ಮತ್ತು ಅವನ ಜತೆಗಾರರು ದಾದರಿನ ಚಾಳಿನಲ್ಲಿ, ಅಂದರೆ ಗಿರಣಿಯವರ ವಠಾರದಲ್ಲಿ, ಕಟ್ಟಿದ್ದು. ಚಾಳು ಹೋಯಿತು, ಗಿರಣಿ ಹೋಯಿತು, ಕಟ್ಟಿದವರೂ ಹೋದರು. ಮಂಡಳಿ ಮಾತ್ರ ಗೋರೆಗಾಂವಿನ ನಮ್ಮ ಬಿಲ್ಡಿಂಗಿನ ಸೊಸೈಟಿ ಆಫೀಸಿಗೆ ಬಂದು, ಪ್ರತಿ ಶನಿವಾರ ಸಂಜೆ ಗೋಡೆಗೆ ಅಂಟಿಸಿದ ನೀರಿನ ಟ್ಯಾಂಕರಿನ ಲೆಕ್ಕಪಟ್ಟಿಯ ಕೆಳಗೆ ಚಾಪೆ ಹಾಸಿಕೊಂಡು ಕೂರುತ್ತದೆ. ಹಾಡುವ ಶ್ರುತಿ ಕರಿ ಎರಡು, ಅಂದರೆ ಹಾರ್ಮೋನಿಯಮ್ಮಿನ ಎರಡನೆಯ ಕಪ್ಪು ಪಟ್ಟಿ. ಯಾಕೆ ಕರಿ ಎರಡು ಎಂದರೆ ಅದಕ್ಕೆ ಉತ್ತರವಿಲ್ಲ. ಅಪ್ಪನ ಕಾಲದಿಂದ ಹಾಗೇ ಇದೆ, ಅಷ್ಟೆ.

ಮಂಡಳಿಯಲ್ಲಿ ಮುಂದೆ ನಿಂತು ಹಾಡಿಸುವವರ ಕೈಯಲ್ಲಿ ತಾಳ ಇರುತ್ತದೆ. ಹಿತ್ತಾಳೆಯ ಆ ಜೋಡಿ ಬಿಲ್ಲೆಗಳಿಗೆ ಒಂದು ಕಾನೂನು ಉಂಟು. ಕೊನೆಯ ಆರತಿಯಲ್ಲಿ ಒಂದು ಕಡೆ ದನಿ ಮೇಲಿನ ಸಾ ಮುಟ್ಟಿ ಅಲ್ಲೇ ಸ್ವಲ್ಪ ಹೊತ್ತು ನಿಲ್ಲಬೇಕು. ಯಾರಿಗೆ ಅದು ಮುಟ್ಟುವುದಿಲ್ಲವೋ ಅವರು ತಾಳವನ್ನು ಮುಂದಿನವರಿಗೆ ಕೊಟ್ಟು ಹಿಂದಿನ ಸಾಲಿಗೆ ಹೋಗಬೇಕು. ಅಪ್ಪ ಹಾಗೇ ಹೋದ. ಒಂದು ಶನಿವಾರ ಆರತಿಯ ಮಧ್ಯದಲ್ಲಿ ಅವನ ದನಿ ಅರ್ಧ ದಾರಿಯಲ್ಲಿ ನಿಂತಿತು. ಒಂದು ಕ್ಷಣ ಗೋಡೆ ನೋಡಿದ. ತಾಳವನ್ನು ಪಕ್ಕದಲ್ಲಿದ್ದ ಅಕ್ಕನ ಉಡಿಗೆ ಹಾಕಿದ. ಅಕ್ಕ ಹಾಡು ನಿಲ್ಲಿಸದೆ ಅಲ್ಲಿಂದಲೇ ಎತ್ತಿಕೊಂಡಳು. ಆಗ ಅವಳಿನ್ನೂ ಮದುವೆಯಾಗದ ಹುಡುಗಿ. ಹೆಣ್ಣುಮಗಳ ಕೈಗೆ ತಾಳ ಹೋಯಿತೆಂದು ಚಾಳಿನ ಎರಡು ಮಾಳಿಗೆಗಳಲ್ಲಿ ಚರ್ಚೆಯಾಯಿತು. ಮೂರನೆಯ ಮಾಳಿಗೆಯವರು ಅವಳ ದನಿ ಕೇಳಿ ಸುಮ್ಮನಾದರು. ಅಷ್ಟು ದೂರಕ್ಕೂ ಅದು ಕೇಳುತ್ತಿತ್ತು.

ಅಂಥ ಅಕ್ಕ ಹೋದ ವರ್ಷ ಶ್ರಾವಣದ ಒಂದು ಶನಿವಾರ ಮೇಲಿನ ಸಾ ಹತ್ತಿರ ಬಂದಾಗ ಕೆಮ್ಮಿದಳು. ಚೆನ್ನಾಗಿಯೇ ಕೆಮ್ಮಿದಳು, ನಮಗೆ ಸಂಶಯ ಬರಲಿಲ್ಲ. ಮರುವಾರವೂ ಅದೇ ಜಾಗದಲ್ಲಿ ಅದೇ ಕೆಮ್ಮು ಬಂತು. ನಾಲ್ಕನೇ ಮಾಳಿಗೆಯ ಬಾಯಿ, ಮಂಡಳಿಯಲ್ಲಿ ಅಕ್ಕನ ನಂತರ ತಾಳ ಹಿಡಿಯಬೇಕಾದ ಹೆಣ್ಣುಮಗಳು, ಕತ್ತು ತಿರುಗಿಸಿ ನೋಡಿದಳು. ಕೆಟ್ಟ ಹೆಂಗಸಲ್ಲ. ಆದರೆ ಆ ನೋಟ ತಾಳದ ಮೇಲೆ ಇಳಿದು ಅಲ್ಲಿ ಒಂದು ಗಳಿಗೆ ಕೂತದ್ದು ನನಗೂ ಕಂಡಿತು, ಅಕ್ಕನಿಗೂ ಕಂಡಿತು.

ಮರುದಿನ ಅಕ್ಕ ನನ್ನನ್ನು ಅದೇ ಬಿಲ್ಡಿಂಗಿನ ತನ್ನ ಮನೆಯ ಅಡಿಗೆಮನೆಗೆ ಕರೆದು ಬಾಗಿಲು ಅರ್ಧ ಮುಚ್ಚಿದಳು.

"ತಮ್ಮಾ, ದನಿ ಹೋಗಿಲ್ಲ. ಇಳದೈತಿ ಅಷ್ಟ."

"ಹಂಗಾರ ಶ್ರುತಿ ಇಳಸೂಣು. ಪೇಟಿ ಮಾಮಾಗ ಹೇಳ್ತೀನಿ."

"ಅವರಿಗೆ ಹೇಳಿ ಏನ್ ಮಾಡ್ತಿ? ಅವರ ಬೆರಳಿಗೆ ಕರಿ ಎರಡು ಬಿಟ್ರ ಮತ್ತೊಂದು ಮನಿ ಗೊತ್ತೈತೇನು?"

ಇದು ಸತ್ಯ. ಪೇಟಿ ಅಂದರೆ ಹಾರ್ಮೋನಿಯಂ. ಅದನ್ನು ನುಡಿಸುವ ನಮ್ಮ ಮಾಮಾ ಅಪ್ಪನ ಕಾಲದವರಲ್ಲಿ ಉಳಿದ ಒಬ್ಬರೇ. ಅವರು ಕಲಿತದ್ದು ಕರಿ ಎರಡರಲ್ಲಿ, ಬಾಳಿದ್ದು ಕರಿ ಎರಡರಲ್ಲಿ. ಅಲ್ಲಿಂದ ಒಂದು ಪಟ್ಟಿ ಆಚೆ ಇಟ್ಟರೆ ಅವರ ಬೆರಳುಗಳು ಹೊಸದಾಗಿ ಮುಂಬಯಿಗೆ ಬಂದವರ ಹಾಗೆ ಯಾವ ಪ್ಲಾಟ್‌ಫಾರ್ಮಿಗೆ ಹೋಗಬೇಕೆಂದು ತಿಳಿಯದೆ ನಿಂತುಬಿಡುತ್ತವೆ.

ಫೋನಿನಲ್ಲಿ ತಂಬೂರಿ ಇದೆಯಲ್ಲ ಎಂದು ಸೂಚಿಸಿದೆ. ಒಂದು ಶನಿವಾರ ಪ್ರಯೋಗವೂ ಆಯಿತು. ಎರಡನೆಯ ಹಾಡಿನ ಮಧ್ಯದಲ್ಲಿ ತಂಬೂರಿ ನಿಂತು, ಒಬ್ಬ ಹೆಣ್ಣುಮಗಳು ಹಿಂದಿಯಲ್ಲಿ ನನಗೆ ಪರ್ಸನಲ್ ಲೋನ್ ಬೇಕೇ ಎಂದು ಇಡೀ ಮಂಡಳಿಯ ಎದುರು ಕೇಳಿದಳು. ಅಕ್ಕ ಅಂದಳು: "ಇನ್ನ ಇದರ ಮ್ಯಾಲ ಹಾಡಿದ್ರ ದೇವರು ಸುದ್ದ ಮಿಸ್ಡ್ ಕಾಲ್ ಕೊಡ್ತಾನ."

ಹೀಗೆ ಸರದಿ ನನ್ನ ಗಿಟಾರಿಗೆ ಬಂತು.

ಆ ಗಿಟಾರಿಗೂ ಒಂದು ಇತಿಹಾಸವಿದೆ, ಅದನ್ನು ಹೇಳದೆ ಮುಂದೆ ಹೋದರೆ ಅದಕ್ಕೆ ಅವಮಾನ. ಗಣಪತಿ ಹಬ್ಬದಲ್ಲಿ ಆರ್ಕೆಸ್ಟ್ರಾಗಳು ಗಲ್ಲಿಗೊಂದು ಇದ್ದ ಕಾಲದಲ್ಲಿ, ಸ್ಟುಡಿಯೋಗಳಲ್ಲಿ ನುಡಿಸುತ್ತಿದ್ದ ಒಬ್ಬ ಗೋವೆಯವನು ಕೀಬೋರ್ಡಿಗೆ ಬದಲಾಗುವಾಗ ಅದನ್ನು ನನಗೆ ಕೊಟ್ಟುಹೋದ. ಆಗ ತಂತಿಯನ್ನು ಆರಿಸುವುದು ಎಂಬ ಮಾತೇ ಇರಲಿಲ್ಲ. ಅಂಗಡಿಯಲ್ಲಿ ಇದ್ದದ್ದು ಒಂದೇ ಜಾತಿ. ಕಾಗದದ ಲಕೋಟೆಯಲ್ಲಿ ಬರುತ್ತಿತ್ತು, ತುಂಡಾದರೆ ತುಂಡಾದದ್ದಷ್ಟನ್ನೇ ಕೊಳ್ಳುತ್ತಿದ್ದೆವು. ಒಂದೊಂದು ತಂತಿ ಒಂದೊಂದು ವರ್ಷದ್ದಾಗಿ, ನನ್ನ ಗಿಟಾರು ಅವಿಭಕ್ತ ಕುಟುಂಬದ ಹಾಗೆ ಆರು ವಯಸ್ಸಿನ ಆರು ಜನರನ್ನು ಹೊತ್ತು ನಡೆಯಿತು. ಬೆವರು ಹತ್ತಿ ಮಂದವಾದ ದಪ್ಪ ತಂತಿಗಳನ್ನು ಕುದಿಸಿದರೆ ಮತ್ತೆ ಖಣಖಣ ಎನ್ನುತ್ತವೆ ಎಂದು ಗೋವೆಯವನು ಹೇಳಿದ್ದ. ಕುದಿಸುವ ಕೆಲಸ ಅಕ್ಕನದು. ಚಾಳಿನ ಆ ಒಂದೇ ಕೋಣೆಯಲ್ಲಿ, ಸ್ಟೋವಿನ ಮೇಲೆ ಚಹಾದ ಪಾತ್ರೆಯಲ್ಲಿ, ಸೋಡಾ ಹಾಕಿ, ಸೌಟಿನಿಂದ ತಿರುವುತ್ತ ನಿಲ್ಲುತ್ತಿದ್ದಳು. ನೀರಿನ ಸಾಲಿನಿಂದ ಬಂದ ಅವ್ವ ಪಾತ್ರೆಯಲ್ಲಿ ಇಣುಕಿ, "ಇದ್ಯಾವ ಶ್ಯಾವಿಗಿ?" ಎಂದು ಕೇಳಿದಳು. ಅಕ್ಕ ಅಷ್ಟೇ ಶಾಂತವಾಗಿ, "ಗ್ವಾದಾಗ ತಿಂತಾರಂತ" ಎಂದಳು. ಅವ್ವ ಬಹಳ ದಿನ ಅದನ್ನು ನಂಬಿದ್ದಳು, ಗೋವೆಯವರ ಹಲ್ಲಿನ ಬಗ್ಗೆ ಆಕೆಗೆ ಅಪಾರ ಗೌರವ ಹುಟ್ಟಿತ್ತು.

ಈಗ ಆ ಗಿಟಾರನ್ನು ಮಂಚದ ಕೆಳಗಿನಿಂದ ತೆಗೆದು ಧೂಳು ಒರೆಸಿದೆ. ಅಕ್ಕನಿಗೆ ಚರ್ಚಿನ ಹಾಗೆ ಸ್ವರ ಕೂಡಿಸಿ ಹೊಡೆಯುವುದು ಹಿಡಿಸುವುದಿಲ್ಲ. "ನನ್ನ ಕೆಳಗ ಸಾ-ಪಾ ಗುಂಯ್ ಅನ್ನಲಿ, ಅಷ್ಟು ಸಾಕು" ಎಂದಳು. ಆದ್ದರಿಂದ ಆರು ತಂತಿಗಳಲ್ಲಿ ಮೂರನ್ನು ಸಾ, ಎರಡನ್ನು ಪಾ, ಒಂದನ್ನು ಮಾ ಮಾಡಿ, ಒತ್ತದೆ ಬಿಟ್ಟ ತಂತಿಗಳನ್ನೇ ಮೀಟುವುದು ಎಂದು ನಿಶ್ಚಯಿಸಿದೆವು. ಕುತ್ತಿಗೆಗೆ ಹಾಕುವ ಕಾಪೋ ಎಂಬ ಒಂದು ಕ್ಲಿಪ್ಪು ಇದೆ. ಅದು ಶ್ರುತಿಯನ್ನು ಏರಿಸುತ್ತದೆ, ಇಳಿಸುವುದಿಲ್ಲ. ಆಟೋರಿಕ್ಷಾ ದರದ ಹಾಗೆ. ಇಳಿಯಬೇಕಾದರೆ ಕಿವಿ ತಿರುವಿ ತಂತಿ ಸಡಿಲಿಸುವುದೊಂದೇ ದಾರಿ. ಅಕ್ಕ ಹಾಡುತ್ತ ಹೋದಳು, ನಾನು ತಿರುವುತ್ತ ಹೋದೆ. ಅವಳ ಮೇಲಿನ ಸಾ ಸುಖವಾಗಿ ನಿಂತದ್ದು ಬಿಳಿ ಒಂದರಲ್ಲಿ. ಕರಿ ಎರಡರಿಂದ ಅದು ಮೂರು ಮೆಟ್ಟಿಲು ಕೆಳಗೆ, ಗಿಟಾರು ಹುಟ್ಟಿದ ಶ್ರುತಿಯಿಂದ ನಾಲ್ಕು.

ಅಲ್ಲಿ ನನ್ನ ಆರನೆಯ ತಂತಿ ಮೆತ್ತಗಾಯಿತು. ಮೀಟಿದರೆ ಬಟ್ಟೆ ಒಣಹಾಕುವ ಹಗ್ಗದ ಹಾಗೆ ತೂಗಾಡಿ, ಕೆಳಗಿನ ಲೋಹದ ಪಟ್ಟಿಗಳಿಗೆ ಬಡಿದು ಝರ್ ಎಂದಿತು. ಬೆರಳಿನಿಂದ ಒತ್ತಿದರೆ ಸ್ವರ ತನ್ನಷ್ಟಕ್ಕೆ ಮೇಲೆ ಸರಿಯಿತು.

"ಇದೇನು, ಮಿಕ್ಸರ್ ಹಚ್ಚೀದಿ?" ಎಂದಳು ಅಕ್ಕ.

ತೆಳ್ಳಗಿನ ತಂತಿಯನ್ನು ಸಡಿಲಿಸಿದರೆ ಅದು ಸಡಿಲವಾಗುತ್ತದೆ, ಅಷ್ಟೆ. ದಪ್ಪ ತಂತಿ ಹಾಗಲ್ಲ. ಅದರ ತೂಕವೇ ಅದನ್ನು ಕೆಳಗಿನ ಸ್ವರದಲ್ಲಿ ಇಡುತ್ತದೆ. ಇಳಿದಮೇಲೂ ಅದರ ಬಿಗಿ ಉಳಿದಿರುತ್ತದೆ. ಇಷ್ಟು ತಿಳಿಯುವುದಕ್ಕೆ ನನಗೆ ಒಂದು ವಾರ ಹಿಡಿಯಿತು. ನಂತರ ದಾದರಿನ ವಾದ್ಯದ ಅಂಗಡಿಗೆ ಹೋದೆ.

ಯಜಮಾನರು ಮರಾಠಿಯವರು, ಕನ್ನಡಕವನ್ನು ಹಣೆಯ ಮೇಲೆ ಇಟ್ಟುಕೊಳ್ಳುವವರು. ಎಲ್ಲಕ್ಕಿಂತ ದಪ್ಪನೆಯ ಸೆಟ್ಟು ಕೊಡಿ, ಬಹಳ ಕೆಳಗೆ ಇಳಿಸಬೇಕು ಎಂದೆ. ಕನ್ನಡಕ ಮೂಗಿನ ಮೇಲೆ ಬಂತು.

"ಅಂಕಲ್, ಇತನಾ ನೀಚೇ ತೋ ಮೆಟಲ್‌ವಾಲೇ ಜಾತೇ ಹೈಂ. ಕೌನ್ಸಾ ಬ್ಯಾಂಡ್ ಹೈ?" ಅಷ್ಟು ಕೆಳಗೆ ಇಳಿಯುವವರು ಆರ್ಭಟದ ಮೆಟಲ್ ಸಂಗೀತದವರು, ನಿಮ್ಮದು ಯಾವ ಬ್ಯಾಂಡು ಅಂತ.

"ಭಜನಾ ಮಂಡಳಿ" ಎಂದೆ.

ಅವರು ಏಣಿ ಹತ್ತಿ ಮೇಲಿನ ಕಪಾಟಿನಿಂದ ಒಂದು ಸೆಟ್ಟು ತೆಗೆದುಕೊಟ್ಟರು. ಕಪ್ಪು ಪೊಟ್ಟಣದ ಮೇಲೆ ತಲೆಬುರುಡೆಯ ಚಿತ್ರವಿತ್ತು. ಅದನ್ನು ಮನೆಗೆ ತಂದು, ದೇವರ ಮುಂದೆ ಇಡುವ ಮೊದಲು ಪೊಟ್ಟಣದಿಂದ ಹೊರಗೆ ತೆಗೆದೆ. ಆರನೆಯ ತಂತಿ ಗಿಟಾರಿನ ಕತ್ತಿನ ತುದಿಯ ಕಚ್ಚಿನಲ್ಲಿ ಕೂರಲಿಲ್ಲ. ಮರಳು ಕಾಗದ ಮಡಚಿ ಉಜ್ಜಿ ಜಾಗ ಅಗಲ ಮಾಡಬೇಕಾಯಿತು. ಮೀಟಿದಾಗ ಕೋಣೆಯ ಕಿಟಕಿ ಗಾಜು ಹೂಂ ಎಂದಿತು. ಅಕ್ಕ ಕಣ್ಣು ಮುಚ್ಚಿ ಕೇಳಿದಳು.

"ಇದು ಗಂಡಸು" ಎಂದಳು. ಮತ್ತೆ ನನ್ನ ಕಡೆ ಬೆರಳು ಎತ್ತಿ, "ಇಳಿಸೀದಿ ಅಂತ ಮಂಡಳ್ಯಾಗ ಡಂಗುರ ಹೊಡೀಬ್ಯಾಡ. ಸುಮ್ಮ ಬದಲಾವಣೆಗೆ ಗಿಟಾರು ಅನ್ನು" ಎಂದು ಕಟ್ಟಪ್ಪಣೆ ಮಾಡಿದಳು.

ಈ ಕಟ್ಟಪ್ಪಣೆಯೇ ನಮ್ಮನ್ನು ಕೆಡಿಸಿತು. ಆ ಶನಿವಾರ ಗಿಟಾರನ್ನು ಚಾಪೆಯ ಮೇಲೆ ಇಟ್ಟು ಕೈಕಾಲು ತೊಳೆಯಲು ಹೋದೆ. ಪೇಟಿ ಮಾಮಾ ಅಷ್ಟರಲ್ಲಿ ಬಂದರು. ಒಂದು ತಂತಿ ಮೀಟಿ ನೋಡಿದರು. ಕರಿ ಎರಡಲ್ಲ. ಮಳೆಗಾಲ, ಪಾಪ, ತಂತಿ ಇಳಿದಿದೆ ಎಂದುಕೊಂಡರು. ಆ ಮನುಷ್ಯನಿಗೆ ಬೆರಳು ಒಂದೇ ಪಟ್ಟಿಯದಾದರೂ ಕಿವಿ ನಿಖರ. ನನಗೆ ಉಪಕಾರವಾಗಲೆಂದು ಆರೂ ತಂತಿಗಳನ್ನು, ಒಂದಾದ ಮೇಲೊಂದು, ತಾಳ್ಮೆಯಿಂದ ಕರಿ ಎರಡಕ್ಕೆ ಏರಿಸಿದರು. ಆ ದಪ್ಪದ ತಂತಿ ಅಷ್ಟು ಏರಿದರೆ ಎಳೆತ ಎಷ್ಟಾದೀತೆಂದು ಅವರಿಗೆ ತಿಳಿಯುವ ಕಾರಣವಿರಲಿಲ್ಲ. ನಾನು ಟವೆಲ್ಲಿನೊಂದಿಗೆ ಬಾಗಿಲಿಗೆ ಬರುವುದಕ್ಕೂ, ತಂತಿಗಳ ಬುಡ ಹಿಡಿದಿಟ್ಟಿದ್ದ ಮರದ ಬ್ರಿಜ್ಜು ಹಪ್ಪಳ ಮುರಿದ ಸದ್ದು ಮಾಡಿ ಗಿಟಾರಿನ ಮೈಯಿಂದ ಕಿತ್ತು ಬರುವುದಕ್ಕೂ ಸರಿಹೋಯಿತು. ಜತೆಗೆ ಮೇಲುಹಲಗೆಯ ಒಂದು ಚಕ್ಕೆಯೂ ಬಂತು.

ಗೋವೆಯವನ ಗಿಟಾರು ಹಾಗೆ ಹೋಯಿತು. ಮಾಮಾ ನಾಚಿಕೆಯಿಂದ ತಮ್ಮ ಪೇಟಿಯನ್ನೂ ತೆರೆಯಲಿಲ್ಲ. ಆ ದಿನ ಪೇಟಿಯೂ ಇಲ್ಲ, ಗಿಟಾರೂ ಇಲ್ಲ, ಬರೀ ತಾಳದ ಮೇಲೆ ಹಾಡಿದೆವು. ದೇವರಿಗೆ ಒಂದೇ ಆರತಿ ಏಳೆಂಟು ಶ್ರುತಿಗಳಲ್ಲಿ ಸಂದಿತು. ಮೇಲಿನ ಸಾ ಯಾರು ಮುಟ್ಟಿದರು, ಯಾರು ಬಿಟ್ಟರು ಎಂದು ಲೆಕ್ಕ ಹಿಡಿಯುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಎಲ್ಲರೂ ಹೋದಮೇಲೆ ಮಾಮಾ ಉಳಿದರು. ಅಕ್ಕ ವಿಷಯ ಹೇಳಲೇಬೇಕಾಯಿತು. ಕೇಳಿ ಅವರು ಮುರಿದ ಬ್ರಿಜ್ಜನ್ನು ಕೈಯಲ್ಲಿ ತಿರುಗಿಸಿದರು.

"ಇಳಸೂದಿದ್ರ ನನಗ ಹೇಳಬಾರದಾ, ತಂಗೀ? ನಾ ಮೇಲಿನ ಸಾ ಬಿಟ್ಟು ಎಷ್ಟು ವರ್ಷ ಆತು. ಬರೇ ಬಾಯಿ ತೆಗಿತೀನಿ."

"ಮಾಮಾರ, ನಾ ನಿಮ್ಮ ದನಿ ನಂಬಿಕೊಂಡು ಹಾಡಾಕ ಹತ್ತಿದ್ನಲ್ಲ."

"ನಾನೂ ನಿನ್ನ ದನಿ ನಂಬಿಕೊಂಡ ಬಾಯಿ ತೆಗೀತಿದ್ದೆ."

ಇಬ್ಬರೂ ನಕ್ಕರು. ಪೇಟಿಗೆ ಗಾಳಿ ಹಾಕಿ ಹಾಕಿ ಎಡಗೈಗೆ ಸಾಕಾಗಿದೆ, ಕೆಲವು ಶನಿವಾರ ಪೇಟಿ ಮುಚ್ಚಿಟ್ಟರೆ ತಮಗೆ ಬೇಸರವಿಲ್ಲ ಎಂದೂ ಮಾಮಾ ಹೇಳಿದರು. ಆದರೆ ಅಕ್ಕ ಬೇಗ ನಗು ನಿಲ್ಲಿಸಿದಳು. ನವರಾತ್ರಿ ಹತ್ತಿರ ಬರುತ್ತಿತ್ತು. ನವರಾತ್ರಿಯ ಮೊದಲ ಶನಿವಾರ ಎಲ್ಲರೂ ಮನೆಯವರನ್ನು ಕರೆತರುತ್ತಾರೆ. ಆ ತುಂಬಿದ ಚಾಪೆಯ ಎದುರು ಮೂರನೆಯ ಸಲ ಕೆಮ್ಮು ಬಂದರೆ ಯಾರೂ ನಂಬುವುದಿಲ್ಲ.

ಹೊಸ ಗಿಟಾರು ಆರಿಸಲು ಅಕ್ಕನೇ ಬಂದಳು. "ಹಾಡೋಳು ನಾನು. ನೀ ಒಬ್ಬನ ಹೋಗಿ ನಿನಗ ಚಂದ ಕಂಡದ್ದು ತರ್ತಿ" ಎಂದಳು. ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು, ಅಂಗಡಿಯ ಏಸಿಗೆ ತಯಾರಾಗಿಯೇ ಬಂದಿದ್ದಳು. ಗೋಡೆಯ ಮೇಲೆ ತೂಗುಹಾಕಿದ ಗಿಟಾರುಗಳನ್ನು ಒಂದೊಂದಾಗಿ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳತೊಡಗಿದಳು.

"ಆಜಿ, ಮಟಕಾ ನಹೀಂ ಹೈ" ಎಂದರು ಯಜಮಾನರು, ಅಜ್ಜಿ, ಇದು ಮಡಕೆಯಲ್ಲ ಅಂತ.

"ಚೆಕ್ ತೋ ಕರನಾ ಪಡೇಗಾ" ಎಂದಳು ಅಕ್ಕ. ತಟ್ಟಿ ಆರಿಸಿದ ಮೊದಲನೆಯದು, ದೊಡ್ಡ ಹೊಟ್ಟೆಯದು, ಬಿಳಿ ಒಂದಕ್ಕೆ ಇಳಿಸಿದರೆ ಎಲ್ಲಕ್ಕಿಂತ ಕೆಟ್ಟದಾಗಿ ಗುಳುಗುಳು ಎಂದಿತು. ಅಕ್ಕ ಅದನ್ನು ತಟ್ಟಿಯೇ ಇಲ್ಲವೆಂಬ ಮುಖ ಮಾಡಿ ಮುಂದಕ್ಕೆ ಸರಿದಳು.

ಕೊನೆಗೆ ಯಜಮಾನರು ಒಳಗಿನಿಂದ ಒಂದನ್ನು ತಂದರು. ಕತ್ತು ಸಾಧಾರಣ ಗಿಟಾರಿಗಿಂತ ಒಂದು ಗೇಣಿನ ಕಾಲುಭಾಗ ಉದ್ದ. ಇದನ್ನು ಬ್ಯಾರಿಟೋನ್ ಅನ್ನುತ್ತಾರೆ, ತಂತಿ ಉದ್ದವಾದಷ್ಟೂ ಇಳಿದ ಶ್ರುತಿಯಲ್ಲಿ ಬಿಗಿ ಉಳಿಯುತ್ತದೆ, ಇನ್ನೂ ಕೆಳಗೆ ಹೋದರೂ ತಡೆಯುತ್ತದೆ ಎಂದರು. ಯಾರೋ ಆರ್ಡರ್ ಮಾಡಿ ಬಿಟ್ಟುಹೋದದ್ದಂತೆ, ಬಹಳ ದಿನದಿಂದ ಗಿರಾಕಿ ಇಲ್ಲವಂತೆ. ನೋಡಲು ಚೆಂದವಿಲ್ಲ, ಕತ್ತಿನ ಕಡೆ ಭಾರವಾಗಿ ಜಗ್ಗುತ್ತದೆ, ನನ್ನ ಎಡಗೈ ತುದಿಯವರೆಗೆ ಮುಟ್ಟುವುದು ಕಷ್ಟ. ಅಂಚಿನಲ್ಲಿ ಮುತ್ತಿನ ಕೆಲಸವಿದ್ದ ಬೇರೊಂದರ ಮೇಲೆ ನನ್ನ ಕಣ್ಣಿತ್ತು ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಸ್ಟೂಲಿನ ಮೇಲೆ ಕೂತು ಉದ್ದ ಕತ್ತಿನದನ್ನು ಬಿಳಿ ಒಂದಕ್ಕೆ ಕೂಡಿಸಿ ಮೀಟಿದೆ. ಸದ್ದು ನೆಲದಿಂದ ಬಂದ ಹಾಗೆ ಬಂತು, ನಿಧಾನವಾಗಿ, ಅಲುಗದೆ. ಅಕ್ಕ ಸ್ವೆಟರಿನ ಗುಂಡಿ ಹಾಕಿಕೊಂಡಳು. ಡ್ರಮ್ಮುಗಳ ನಡುವೆ ನಿಂತು ಆರತಿಯ ಆ ಸಾಲನ್ನೇ ಎತ್ತಿದಳು. ಆಚೆ ಮೂಲೆಯಲ್ಲಿ ಯಾರೋ ಒಬ್ಬ ಎಲೆಕ್ಟ್ರಿಕ್ ಗಿಟಾರನ್ನು ಕಿರುಚಿಸುತ್ತಿದ್ದ. ಯಜಮಾನರು ಕೈ ಚಾಚಿ ಅವನ ಸದ್ದು ಕಡಿಮೆ ಮಾಡಿದರು. ನಾನು ತಂತಿ ನೋಡುತ್ತಿದ್ದೆ. ಅಕ್ಕನ ಮುಖ ನೋಡುವ ಧೈರ್ಯವಿರಲಿಲ್ಲ. ದನಿ ಮೇಲೆ ಹೋಯಿತು, ಹೋಗಿ ಸಾ ಮೇಲೆ ನಿಂತಿತು. ಚಾಳಿನ ಮೂರನೆಯ ಮಾಳಿಗೆಗೆ ಮುಟ್ಟುತ್ತಿದ್ದ ದನಿ ಅದಲ್ಲ. ಬದಿಗಳಲ್ಲಿ ಸವೆದ, ಮಧ್ಯದಲ್ಲಿ ಗಟ್ಟಿಯಾದ ಬೇರೆಯೇ ಒಂದು ದನಿ. ಆದರೆ ನಿಂತಿತು, ನಿಲ್ಲಬೇಕಾದಷ್ಟು ಹೊತ್ತು.

"ಇದ ಆಗಲಿ" ಎಂದಳು ಅಕ್ಕ. ಮುತ್ತಿನ ಕೆಲಸದ್ದು ಗೋಡೆಯ ಮೇಲೆ ಉಳಿಯಿತು.

ಲೋಕಲಿನ ಲಗೇಜ್ ಡಬ್ಬಿಯಲ್ಲಿ, ಮೀನಿನ ಬುಟ್ಟಿಗಳ ನಡುವೆ ಗಿಟಾರನ್ನು ನಿಲ್ಲಿಸಿಕೊಂಡು ಇಬ್ಬರೂ ವಾಪಸಾದೆವು. ಬುಟ್ಟಿಯವಳೊಬ್ಬಳು ಇದೇನು ಇಷ್ಟು ಉದ್ದ ಎಂದು ಮರಾಠಿಯಲ್ಲಿ ಕೇಳಿದಳು. "ವಯಾ ಝಾಲಂ" ಎಂದಳು ಅಕ್ಕ, ವಯಸ್ಸಾಯಿತು ಅಂತ. ಯಾರಿಗೆ ಎಂದು ಅವಳು ಕೇಳಲಿಲ್ಲ.

ನವರಾತ್ರಿಯ ಮೊದಲ ಶನಿವಾರ ಚಾಪೆ ಸಾಲದೆ ಬಾಗಿಲ ಹೊರಗೂ ಜನ ಕೂತಿದ್ದರು. ಈ ಸಲ ಅಕ್ಕ ಎದ್ದು ನಿಂತು ತಾನೇ ಹೇಳಿದಳು: ನನ್ನ ದನಿ ಇಳಿದಿದೆ, ಇವತ್ತು ಬಿಳಿ ಒಂದರಲ್ಲಿ ಹಾಡುತ್ತೇನೆ, ಕೂಡುವವರು ಕೂಡಿರಿ. ಕರಿ ಎರಡರಲ್ಲಿ ಬರೀ ಬಾಯಿ ತೆರೆಯುತ್ತಿದ್ದ ಗಂಡಸರಿಗೆ ಅಲ್ಲಿ ಒಮ್ಮೆಲೇ ದನಿ ಬಂತು. ಪೇಟಿ ಮಾಮಾ ಮುಚ್ಚಿದ ಪೇಟಿಯ ಮೇಲೆ ಮೊಣಕೈ ಊರಿ, ಮಠದ ಗಂಟೆಯಂಥ ಕೆಳದನಿಯಲ್ಲಿ ಹಾಡಿದರು. ಆರತಿ ಬಂತು. ಮೇಲಿನ ಸಾ ಬಂತು. ಅಕ್ಕ ಮುಟ್ಟಿದಳು, ನಿಂತಳು, ಇಳಿದಳು.

ಕರ್ಪೂರ ಆರುವ ಮೊದಲೇ ತಾಳವನ್ನು ನಾಲ್ಕನೇ ಮಾಳಿಗೆಯ ಬಾಯಿಯ ಮುಂದೆ ಇಟ್ಟಳು.

"ಇಕಾ. ಮುಂದಿನ ಶನಿವಾರದಿಂದ ನೀ ಹಿಡಿ."

ಆಕೆ ಕೈ ಹಿಂದಕ್ಕೆ ಎಳೆದುಕೊಂಡಳು. "ಅಕ್ಕಾರ, ಯಾಕ? ಇವತ್ತ ಮುಟ್ತಲ್ಲ."

"ಮುಟ್ತು ಅಂತನ ಕೊಡಾಕ ಹತ್ತೀನಿ. ಮುಟ್ಟದ ದಿನ ಕೊಟ್ರ ನೀ ಕಸಗೊಂಡಂಗ ಕಾಣ್ತದ. ಆಮ್ಯಾಲ ಲಿಫ್ಟಿನ್ಯಾಗ ನಾವಿಬ್ಬರು ಮಾರಿ ನೋಡೂದು ಹೆಂಗ?"

ಆ ಬಾಯಿ ತಾಳ ತೆಗೆದುಕೊಂಡು, ಸೆರಗಿನಿಂದ ಒರೆಸಿ, ಅಕ್ಕನ ಕಾಲು ಮುಟ್ಟಿದಳು. ಪೇಟಿ ಮಾಮಾ ನಿಟ್ಟುಸಿರು ಬಿಟ್ಟರು. ಆಕೆ ಹಾಡುವುದು ಕರಿ ಎರಡರಲ್ಲಿ. ಅವರ ಎಡಗೈಯ ರಜೆ ಒಂದೇ ಶನಿವಾರಕ್ಕೆ ಮುಗಿಯಿತು.

ನಾನು ಉದ್ದ ಕತ್ತಿನ ಗಿಟಾರನ್ನು ಚೀಲಕ್ಕೆ ಹಾಕುತ್ತ, ಇದರ ಉಪಯೋಗವೂ ಮುಗಿಯಿತಲ್ಲ ಎಂದುಕೊಂಡೆ. ಮುತ್ತಿನ ಕೆಲಸದ್ದಾಗಿದ್ದರೆ ಗೋಡೆಗಾದರೂ ಆಗುತ್ತಿತ್ತು. ಮೆಟ್ಟಿಲ ಹತ್ತಿರ ಅಕ್ಕ ಹಿಂದೆ ತಿರುಗಿ, "ಬುಧವಾರ ಮಧ್ಯಾಹ್ನ ಖಾಲಿ ಇರ್ತಿಲ್ಲೋ? ಅದನ್ನ ತಗೊಂಡು ಬಾ" ಎಂದಳು.

ಈಗ ಬುಧವಾರ ಮಧ್ಯಾಹ್ನ ಅಡಿಗೆಮನೆಯಲ್ಲಿ ಕೂರುತ್ತೇವೆ. ಕೇಳುವವರು ಯಾರೂ ಇಲ್ಲ. ಅಪ್ಪ ಹಾಡುತ್ತಿದ್ದ, ಮಂಡಳಿಯಲ್ಲಿ ಯಾರಿಗೂ ನೆನಪಿಲ್ಲದ ಹಳೆಯ ಪದಗಳನ್ನು ಅಕ್ಕ ತಡವರಿಸಿ ಹುಡುಕಿ ಹಾಡುತ್ತಾಳೆ. ಒಂದು ಸಾಲು ಮರೆತರೆ ಅಲ್ಲಿ ಬರೀ ತಂತಿ ನುಡಿಯುತ್ತದೆ, ಅವಳು ಹೆಸರುಬೇಳೆ ಆರಿಸುತ್ತ ನೆನಪಿಸಿಕೊಳ್ಳುತ್ತಾಳೆ. ಹೋದ ಬುಧವಾರ ಒಂದು ಪದದ ನಡುವೆ ನಿಲ್ಲಿಸಿ, "ಇನ್ನ ಒಂದು ಸ್ವಲ್ಪ ಇಳಸೋ" ಎಂದಳು. ಇಳಿಸಿದೆ. ಕಿವಿಗೊಟ್ಟು ಕೇಳಿದಳು.

"ತಡೀತೈತೇನು?"

"ತಡೀತೈತಿ ಅಕ್ಕಾ" ಎಂದೆ. "ಇನ್ನೂ ಭಾಳ ಕೆಳಗ ಹೋಗಬಹುದು."

"ಹಂಗಾರ ಅವಸರ ಇಲ್ಲ" ಎಂದು ಮೊದಲ ಸಾಲಿನಿಂದ ಮತ್ತೆ ಎತ್ತಿದಳು.